ಮೂಳೆಯೊಳಗಿನ ಸುಣ್ಣದ ವಹಿವಾಟು: ಒಂದು ಬೋನ್ ಸ್ಕ್ಯಾನ್ ವರದಿಗೆ ವ್ಯಾಖ್ಯಾನ

ಬನಶಂಕರಿ ಎರಡನೇ ಹಂತದಲ್ಲಿ ದೇವೇಗೌಡ ಪೆಟ್ರೋಲ್ ಬಂಕಿನಿಂದ ಕದಿರೇನಹಳ್ಳಿಯ ಕಡೆಗೆ ನಡೆದರೆ ರಕ್ತಪರೀಕ್ಷೆ, ಎಕ್ಸ್‌ರೇ, ಬಿಎಂಡಿ ಎಂಬ ಬೋರ್ಡುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಬೋನ್ ಸ್ಕ್ಯಾನ್ ಅಷ್ಟು ಸುಲಭವಾಗಿ ಸಿಗುವ ಪರೀಕ್ಷೆಯಲ್ಲ. ಅದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ಆಸ್ಪತ್ರೆಗೇ ಹೋಗಬೇಕು. ಸಂಜೆಗೆ ಕೈಗೆ ಬರುವುದು ಇಂಗ್ಲಿಷಿನ ಒಂದು ಪುಟದ ವರದಿ. ಅದರ ನಡುವೆ ‘ಇನ್‌ಕ್ರೀಸ್ಡ್ ಅಪ್‌ಟೇಕ್’ (ಹೀರಿಕೆ ಹೆಚ್ಚಿದೆ) ಎಂದು ಓದಿದೊಡನೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಕ್ಯಾನ್ಸರ್ ಎಂದೇ ಭಾವಿಸಿ ರಾತ್ರಿಯಿಡೀ ನಿದ್ದೆಗೆಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಈ ವ್ಯಾಖ್ಯಾನ ಅವರಿಗಾಗಿ.

ಕೆಳಗಿನ ಸಾಲುಗಳು ಯಾರೊಬ್ಬರ ವರದಿಯಿಂದಲೂ ತೆಗೆದವಲ್ಲ. ಇಂಥ ವರದಿಗಳು ಬರುವ ರೂಪವನ್ನು ಅನುಸರಿಸಿ ನಾನೇ ಕನ್ನಡದಲ್ಲಿ ಬರೆದುಕೊಂಡವು. ರೋಗಿ 63 ವರ್ಷದ ಒಬ್ಬ ತಾಯಿ, ಬದುಕೆಲ್ಲ ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿ ಕಳೆದು ಈಚೆಗೆ ಬನಶಂಕರಿಯ ಮಗನ ಮನೆಗೆ ಬಂದವರು ಎಂದಿಟ್ಟುಕೊಳ್ಳೋಣ. ಪಾವಗಡವೇ ಯಾಕೆ ಎಂಬುದು ನಾಲ್ಕನೇ ಸಾಲಿನಲ್ಲಿ ತಿಳಿಯುತ್ತದೆ.

ಸಾಲು 1. ‘ಪರೀಕ್ಷೆ: ಟೆಕ್ನೀಷಿಯಂ-99ಎಂ ಎಂಡಿಪಿ ಬಳಸಿ ಇಡೀ ದೇಹದ ಬೋನ್ ಸ್ಕ್ಯಾನ್.’

ಇಲ್ಲಿ ಎರಡು ವಸ್ತುಗಳ ಹೆಸರಿದೆ, ಎರಡರ ಕೆಲಸವೂ ಬೇರೆ. ಮೂಳೆಗೆ ಹೋಗುವ ದಾರಿ ಗೊತ್ತಿರುವುದು ಎಂಡಿಪಿಗೆ, ಅಂದರೆ ಮೀಥೈಲೀನ್ ಡೈಫಾಸ್ಫೊನೇಟ್ ಎಂಬ ರಂಜಕದ ಸಂಯುಕ್ತಕ್ಕೆ. ಅದು ಎಲ್ಲಿ ಹೋಗಿ ಕೂತಿತೆಂದು ಹೊರಗಿನ ಕ್ಯಾಮೆರಾಕ್ಕೆ ತಿಳಿಸುವುದು ಟೆಕ್ನೀಷಿಯಂ.

ಮೂಳೆಯ ಗಟ್ಟಿತನಕ್ಕೆ ಕಾರಣ ಹೈಡ್ರಾಕ್ಸಿಅಪಟೈಟ್ ಎಂಬ ಹರಳು. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದದ್ದು. ಹಳೆಯ ಮೂಳೆಯಲ್ಲಿ ಈ ಹರಳುಗಳು ಒತ್ತೊತ್ತಾಗಿ ಕೂತು ಹೊರಮೈ ಮುಚ್ಚಿಹೋಗಿರುತ್ತದೆ. ಈಗಷ್ಟೇ ಕಟ್ಟುತ್ತಿರುವ ಮೂಳೆಯಲ್ಲಿ ಹರಳುಗಳು ಸಣ್ಣವು, ಅವುಗಳ ಮೈ ತೆರೆದೇ ಇರುತ್ತದೆ. ಎಂಡಿಪಿ ಅಂಟುವುದು ಅಲ್ಲಿಗೆ. ರಕ್ತ ಹೆಚ್ಚಾಗಿ ಹರಿಯುವ ಜಾಗಕ್ಕೆ ಅದು ಹೆಚ್ಚು ತಲುಪುತ್ತದೆ ಎಂಬುದೂ ನಿಜ. ಒಟ್ಟಿನಲ್ಲಿ ಬೋನ್ ಸ್ಕ್ಯಾನ್ ಮೂಳೆಯ ಆಕಾರವನ್ನು ತೋರಿಸುವ ಚಿತ್ರವಲ್ಲ, ಖನಿಜ ಈ ಹೊತ್ತು ಎಲ್ಲಿಗೆ ಹೋಗಿ ಸೇರುತ್ತಿದೆ ಎಂದು ತೋರಿಸುವ ಚಿತ್ರ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ವರದಿಯ ಮುಕ್ಕಾಲು ಪಾಲು ಅರ್ಥವಾದಂತೆಯೇ.

ಎಂಡಿಪಿಯ ಹತ್ತಿರದ ಸಂಬಂಧಿಯೊಂದು ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿ ಇರುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕೆಂದು ಡಾಕ್ಟರು ಹೇಳುವ ಅಲೆಂಡ್ರೊನೇಟ್ ಮಾತ್ರೆ ಇದೇ ಕುಲದ್ದು. ಸ್ಕ್ಯಾನಿನಲ್ಲಿ ಈ ಕುಲದ ವಸ್ತುವನ್ನು ಮೂಳೆಯನ್ನು ನೋಡಲು ಕಳಿಸುತ್ತಾರೆ, ಮಾತ್ರೆಯಲ್ಲಿ ಮೂಳೆ ಕರಗುವುದನ್ನು ತಡೆಯಲು ಕಳಿಸುತ್ತಾರೆ.

ಟೆಕ್ನೀಷಿಯಂ ಭೂಮಿಯಲ್ಲಿ ಇಲ್ಲವೆನ್ನುವಷ್ಟು ವಿರಳ. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಕಾರ್ಲೊ ಪೆರಿಯೆ ಮತ್ತು ಎಮಿಲಿಯೊ ಸೆಗ್ರೆ ಅದನ್ನು ಗುರುತಿಸಿದರು. ಅದರ 99ಎಂ ರೂಪದ ಅರ್ಧಾಯುಷ್ಯ ಸುಮಾರು 6 ಗಂಟೆ. ಚಿತ್ರ ತೆಗೆಯಲು ಸಾಕಾಗುವಷ್ಟು ಹೊತ್ತು ಇರುತ್ತದೆ, ಮೈಯಲ್ಲಿ ಬಹುಕಾಲ ಉಳಿಯುವುದಿಲ್ಲ. ಟೆಕ್ನೀಷಿಯಂ ಈ ಬಳಕೆಗೆ ಬರುವ ಮೊದಲು, 1961ರ ಸುಮಾರಿಗೆ, ಮೂಳೆಯ ಚಿತ್ರಕ್ಕೆ ಸ್ಟ್ರಾನ್ಷಿಯಂ-85 ಬಳಸುತ್ತಿದ್ದರು. ಅದರ ಅರ್ಧಾಯುಷ್ಯ ಸುಮಾರು 65 ದಿನ. ಹಾಗಾಗಿ ಕೊಡುವ ಪ್ರಮಾಣ ಬಹಳ ಕಡಿಮೆ, ಚಿತ್ರ ಮಸುಕು, ಮತ್ತು ಕ್ಯಾನ್ಸರ್ ಇದೆಯೆಂದು ಮೊದಲೇ ತಿಳಿದವರಿಗೇ ಹೆಚ್ಚಾಗಿ ಕೊಡುತ್ತಿದ್ದರು. 1971ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಗೋಪಾಲ ಸುಬ್ರಮಣಿಯನ್ ಮತ್ತು ಜಾನ್ ಮೆಕಾಫಿ ಟೆಕ್ನೀಷಿಯಂ ಅನ್ನು ಫಾಸ್ಫೇಟ್ ಸರಪಳಿಗೆ ಕಟ್ಟಿ ಮೂಳೆಗೆ ಕಳಿಸುವ ದಾರಿ ತೋರಿಸಿದರು. ಅವರದೇ ತಂಡ 1975ರಲ್ಲಿ ಎಂಡಿಪಿಯನ್ನು ತಂದಿತು. ಸಾಮಾನ್ಯ ಸೊಂಟನೋವಿನವರಿಗೂ ಈ ಪರೀಕ್ಷೆ ಎಟುಕಿದ್ದು ಆ ಬಳಿಕ. ನಮ್ಮ ದೇಶದಲ್ಲಿ ಎಂಡಿಪಿ ಕಿಟ್ಟುಗಳನ್ನು ಪರಮಾಣು ಶಕ್ತಿ ಇಲಾಖೆಯ ಸಂಸ್ಥೆಯಾದ ಬ್ರಿಟ್ ಕೂಡ ತಯಾರಿಸಿ ಕೊಡುತ್ತದೆ.

ಸಾಲು 2. ‘ಕಾರಣ: ಬೆನ್ನು ಬಗ್ಗುತ್ತಿಲ್ಲ, ಸೊಂಟ ಬಿಗಿತ. ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿದೆ. ಬಿಎಂಡಿ: ಬೆನ್ನೆಲುಬಿನ ಟಿ-ಸ್ಕೋರ್ ಸಾಮಾನ್ಯಕ್ಕಿಂತ ಬಹಳ ಮೇಲೆ.’

ಬಿಎಂಡಿ ಎಂದರೆ ಮೂಳೆಯ ಖನಿಜ ಸಾಂದ್ರತೆಯ ಪರೀಕ್ಷೆ, ಟಿ-ಸ್ಕೋರ್ ಅದರ ಅಂಕಿ. ಮೂರನೆಯ ವಾಕ್ಯ ಓದಿ ಮಗನಿಗೆ ಸಂತೋಷವಾಗಿರುತ್ತದೆ. ಅಪಾರ್ಟ್‌ಮೆಂಟಿನ ಇತರ ಹಿರಿಯರ ಟಿ-ಸ್ಕೋರ್ ಎಲ್ಲ ಮೈನಸ್‌ನಲ್ಲಿರುವಾಗ ಅಮ್ಮನದು ಪ್ಲಸ್. ಹಾಗಾದರೆ ಈ ಬಿಗಿತವೇಕೆ?

ಉತ್ತರ ಹುಡುಕಲು ನಮ್ಮ ಮನೆಯ ಸಂಪನ್ನೇ ನೋಡಬಹುದು. ಮುಚ್ಚಳ ತೆಗೆದು ನೋಡಿದರೆ ನೀರು ಎಷ್ಟಿದೆಯೆಂದು ಕಾಣುತ್ತದೆ. ಕಾವೇರಿ ನೀರು ಎಷ್ಟು ಹೊತ್ತು ಬಂತು, ಮೋಟಾರು ಎಷ್ಟು ಮೇಲೆತ್ತಿತು ಎಂಬುದು ಕಾಣುವುದಿಲ್ಲ. ಬಿಎಂಡಿ ಅಳೆಯುವುದು ಮಟ್ಟವನ್ನು ಮಾತ್ರ, ಒಳಬರುವುದು ಹೊರಹೋಗುವುದು ಅದಕ್ಕೆ ತಿಳಿಯದು. ಆ ಅಳತೆಯೂ ಹುಟ್ಟಿದ್ದು ಅಣುವಿಜ್ಞಾನದಿಂದಲೇ. ಇಂದು ಬಿಎಂಡಿಗೆ ಬಳಸುವುದು ಎಕ್ಸ್‌ರೇ, ಆದರೆ 1963ರಲ್ಲಿ ವಿಸ್ಕಾನ್ಸಿನ್‌ನ ಜಾನ್ ಕ್ಯಾಮೆರಾನ್ ಮತ್ತು ಜೇಮ್ಸ್ ಸೊರೆನ್‌ಸನ್ ಮುಂಗೈ ಮೂಳೆಯ ಖನಿಜವನ್ನು ಅಳೆದದ್ದು ವಿಕಿರಣಶೀಲ ಅಯೋಡಿನ್-125 ಬಳಸಿ.

ಆಲ್ಕಲೈನ್ ಫಾಸ್ಫಟೇಸ್ ಮೂಳೆ ಕಟ್ಟುವ ಜೀವಕೋಶಗಳು ಬಿಡುವ ಕಿಣ್ವ. ಯಕೃತ್ತಿನಿಂದಲೂ ಬರುತ್ತದೆ. ಅದು ಹೆಚ್ಚಿದ್ದು ಯಕೃತ್ತು ಸರಿಯಿದ್ದರೆ ಮೂಳೆಯಲ್ಲಿ ಎಲ್ಲೋ ಕಟ್ಟುವ ಕೆಲಸ ಭರದಿಂದ ನಡೆದಿದೆ ಎಂದರ್ಥ. ವಯಸ್ಸಾದವರ ಸಾಮಾನ್ಯ ಆಸ್ಟಿಯೊಪೊರೋಸಿಸ್‌ನಲ್ಲಿ ಇದು ಬಹುತೇಕ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ಹೆಚ್ಚು ಸಾಂದ್ರತೆ, ಹೆಚ್ಚು ಕಿಣ್ವ, ಬಗ್ಗದ ಬೆನ್ನು ಈ ಮೂರೂ ಒಟ್ಟಿಗೆ ಇದ್ದರೆ ಡಾಕ್ಟರು ಬೋನ್ ಸ್ಕ್ಯಾನಿಗೆ ಬರೆದದ್ದು ಸರಿ.

ಸಾಲು 3. ‘20 ಮಿಲಿಕ್ಯೂರಿ ರಕ್ತನಾಳಕ್ಕೆ ಕೊಡಲಾಯಿತು. 3 ಗಂಟೆ ಬಿಟ್ಟು ಮುಂದಿನಿಂದಲೂ ಹಿಂದಿನಿಂದಲೂ ಚಿತ್ರ ತೆಗೆಯಲಾಯಿತು.’

ಆ ಮೂರು ಗಂಟೆ ಕಾಯಿಸುವುದಕ್ಕೆ ಕಾರಣವಿದೆ. ಚುಚ್ಚಿದ ಕೂಡಲೇ ವಸ್ತು ರಕ್ತದಲ್ಲೂ ಮಾಂಸದಲ್ಲೂ ಹರಡಿರುತ್ತದೆ. ನಿಧಾನವಾಗಿ ಮೂರನೇ ಒಂದರಿಂದ ಅರ್ಧದಷ್ಟು ಮೂಳೆ ಸೇರುತ್ತದೆ, ಉಳಿದದ್ದು ಕಿಡ್ನಿಯ ಮೂಲಕ ಮೂತ್ರಕ್ಕೆ ಹೋಗುತ್ತದೆ. ಹಿನ್ನೆಲೆ ತಿಳಿಯಾದ ಮೇಲೆ ಮೂಳೆ ಎದ್ದು ಕಾಣುತ್ತದೆ. ನೀರು ಚೆನ್ನಾಗಿ ಕುಡಿಯಿರಿ, ಆಗಾಗ ಮೂತ್ರಕ್ಕೆ ಹೋಗಿ ಎನ್ನುವುದು ಇದಕ್ಕಾಗಿಯೇ.

ಈ ಪ್ರಮಾಣದಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 4 ಮಿಲಿಸೀವರ್ಟ್. ನೆಲ, ಗಾಳಿ, ಆಹಾರ, ಆಕಾಶದಿಂದ ಸಹಜವಾಗಿಯೇ ಒಬ್ಬರಿಗೆ ವರ್ಷಕ್ಕೆ ಬರುವುದು ಜಗತ್ತಿನ ಸರಾಸರಿಯಲ್ಲಿ 2.4. ಒಂದು ದಿನ ಕಳೆಯುವಷ್ಟರಲ್ಲಿ ಬರೀ ಕ್ಷಯದಿಂದಲೇ ಹದಿನಾರನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಅಜ್ಜಿಯನ್ನು ವಾರಗಟ್ಟಲೆ ಬೇರೆ ಕೋಣೆಯಲ್ಲಿ ಇರಿಸಬೇಕಾಗಿಲ್ಲ. ಆ ದಿನ ಮೊಮ್ಮಗುವನ್ನು ತುಂಬಾ ಹೊತ್ತು ಮಡಿಲಲ್ಲಿ ಇಟ್ಟುಕೊಳ್ಳದಿದ್ದರೆ ಸಾಕು. ಗರ್ಭಿಣಿಯರ, ಹಾಲುಣಿಸುವ ತಾಯಂದಿರ ವಿಷಯ ಬೇರೆ. ಅವರು ಮೊದಲೇ ಹೇಳಲೇಬೇಕು.

ಸಾಲು 4. ‘ಇಡೀ ಅಸ್ಥಿಪಂಜರದಲ್ಲಿ ಹೀರಿಕೆ ಎಲ್ಲೆಡೆಯೂ ಸಮನಾಗಿ ಹೆಚ್ಚಿದೆ. ಮೂಳೆಯ ಖನಿಜ ವಹಿವಾಟು ಹೆಚ್ಚಿರುವುದಕ್ಕೆ ಹೊಂದುತ್ತದೆ.’

ವರದಿಯ ತಿರುಳು ಈ ಸಾಲು. ಇದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಳವಣಿಗೆ ಮುಗಿದ ಮೂಳೆ ಸತ್ತ ಕಲ್ಲಿನಂತೆ ಸುಮ್ಮನಿರುತ್ತದೆಂದು ಬಹಳ ಕಾಲ ನಂಬಿದ್ದರು. 1935ರಲ್ಲಿ ಕೋಪನ್‌ಹೇಗನ್‌ನಲ್ಲಿ ಜಾರ್ಜ್ ಹೆವೆಸಿ ಮತ್ತು ಚೀವಿಟ್ಸ್ ಇಲಿಗಳಿಗೆ ವಿಕಿರಣಶೀಲ ರಂಜಕ-32 ತಿನ್ನಿಸಿದರು. ತಿಂದದ್ದು ಮೂಳೆಗೆ ಸೇರಿತು, ಸೇರಿದ್ದರಲ್ಲಿ ಒಂದಷ್ಟು ಮತ್ತೆ ಹೊರಬಂತು. ಪೂರ್ತಿ ಬೆಳೆದ ಮೂಳೆಯೂ ರಂಜಕವನ್ನು ಎಡೆಬಿಡದೆ ಕೊಡುತ್ತ, ತೆಗೆದುಕೊಳ್ಳುತ್ತ ಇರುತ್ತದೆಂದು ಅವರು ತೋರಿಸಿಕೊಟ್ಟರು. ವಿಕಿರಣಶೀಲ ಗುರುತುಗಳ ಬಳಕೆಗಾಗಿ ಹೆವೆಸಿಗೆ 1943ರ ರಸಾಯನಶಾಸ್ತ್ರದ ನೊಬೆಲ್ ಬಂತು. ನನ್ನ ದೃಷ್ಟಿಯಲ್ಲಿ ಮೂಳೆ ವೈದ್ಯದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಮೂಳೆಯಲ್ಲಿ ವಹಿವಾಟು ಇದೆಯೆಂದು ಗೊತ್ತಾದ ಮೇಲೆ ತಾನೆ ಅದು ಏರುಪೇರಾಗುತ್ತದೆ ಎಂಬ ಯೋಚನೆ ಹುಟ್ಟುವುದು?

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದೆ, ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಒಂದು ಬಗೆ, ಆ ತಗ್ಗನ್ನು ಹೊಸ ಮೂಳೆಯಿಂದ ತುಂಬುವವು ಇನ್ನೊಂದು ಬಗೆ. ವರ್ಷಕ್ಕೆ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಹೀಗೆ ಹೊಸದಾಗುತ್ತದೆ. ಈ ಲೆಕ್ಕವನ್ನು ಜೀವಂತ ಮನುಷ್ಯರಲ್ಲಿ ಮಾಡಿದ್ದು ವಿಕಿರಣಶೀಲ ಕ್ಯಾಲ್ಸಿಯಂನಿಂದ. ಕ್ಯಾಲ್ಸಿಯಂ-47ರ ಅರ್ಧಾಯುಷ್ಯ ನಾಲ್ಕೂವರೆ ದಿನ. ಅದನ್ನು ರಕ್ತನಾಳಕ್ಕೆ ಚುಚ್ಚಿ, ಹಲವು ದಿನ ರಕ್ತ ತೆಗೆದು ಅದರಲ್ಲಿ ಎಷ್ಟು ಉಳಿಯಿತೆಂದು ಎಣಿಸುತ್ತ ಹೋಗಬೇಕು. ಮೂತ್ರ, ಮಲ ಎರಡನ್ನೂ ಒಂದು ಹನಿ ಬಿಡದೆ ಸಂಗ್ರಹಿಸಿ ಹೊರಗೆ ಹೋದದ್ದನ್ನು ಅಳೆಯಬೇಕು. ರಕ್ತದಿಂದ ಕಡಿಮೆಯಾದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಮೂಳೆಗೆ ಸೇರಿದ್ದು ಸಿಗುತ್ತದೆ. ಸುಲಭವಾಗಿ ಅದಲುಬದಲಾಗುವ ಕ್ಯಾಲ್ಸಿಯಂ ಆ ಒಂದು ಕಿಲೋದಲ್ಲಿ ಕೆಲವೇ ಗ್ರಾಂ ಎಂದು ತಿಳಿದದ್ದೂ ಹೀಗೆಯೇ. ವಾರಗಟ್ಟಲೆ ವಾರ್ಡಿನಲ್ಲಿದ್ದು, ಅಳೆದು ಕೊಟ್ಟ ಊಟವನ್ನೇ ಉಂಡು, ಶೌಚಕ್ಕೂ ಲೆಕ್ಕ ಕೊಟ್ಟ ರೋಗಿಗಳ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ಇಂದಿನ ಒಂದು ಪುಟದ ವರದಿ ಅವರ ತಾಳ್ಮೆಯ ಮೇಲೆ ನಿಂತಿದೆ.

ಅಂಥ ಅಧ್ಯಯನ ನಮ್ಮ ನೆರೆಯಲ್ಲೇ, ನಮ್ಮದೇ ಕಾಯಿಲೆಯ ಮೇಲೆ ನಡೆದಿದೆ. ಹೈದರಾಬಾದಿನ ನರಸಿಂಗ ರಾವ್, ಸಿದ್ದೀಕಿ, ಶ್ರೀಕಂಠಯ್ಯ ಅವರು ನೀರಿನ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್‌ನ ರೋಗಿಗಳಲ್ಲಿ ಕ್ಯಾಲ್ಸಿಯಂ ವಹಿವಾಟನ್ನು ಅಳೆದು 1968ರಲ್ಲಿ ಪ್ರಕಟಿಸಿದರು. ಮೂಳೆಯ ಫ್ಲೋರೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕಲ್ಲಿನ ಪದರದಿಂದ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ದೊಡ್ಡವರ ಬೆನ್ನೆಲುಬಿನಲ್ಲಿ ಮೂಳೆ ಅತಿಯಾಗಿ ಕಟ್ಟಿಕೊಳ್ಳುತ್ತದೆ, ಕಟ್ಟುನಾರುಗಳಲ್ಲೂ ಸುಣ್ಣ ಕೂರುತ್ತದೆ, ಬೆನ್ನು ಬಗ್ಗುವುದು ನಿಲ್ಲುತ್ತದೆ. ಬಿಎಂಡಿಯ ಆ ದೊಡ್ಡ ಪ್ಲಸ್ ಸಂಖ್ಯೆಯ ಹಿಂದೆ ಇದ್ದದ್ದು ಇದೇ ಇರಬಹುದು. ಗಟ್ಟಿಯಾಗಿ ಕಾಣುವ ಆ ಮೂಳೆಯ ಕಟ್ಟಡ ಕ್ರಮಗೆಟ್ಟಿದೆ.

ಫ್ಲೋರೈಡ್ ಮೂಳೆಗೆ ಹೋಗುವುದು ಹೇಗೆ? ಹರಳಿನಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ಫ್ಲೋರೈಡ್ ಹೋಗಿ ಕೂರುತ್ತದೆ. ಹೊಸ ಮೂಳೆ ಕಟ್ಟುವಲ್ಲಿ ಹೆಚ್ಚು ಕೂರುತ್ತದೆ. ಇದೇ ಗುಣವನ್ನು ನಂಬಿ 1962ರಲ್ಲಿ ಬ್ಲೌ ಮತ್ತು ಸಂಗಡಿಗರು ಫ್ಲೋರಿನ್-18 ಎಂಬ ವಿಕಿರಣಶೀಲ ರೂಪದಿಂದ ಮೂಳೆಯ ಚಿತ್ರ ತೆಗೆದರು. ಅದರ ಅರ್ಧಾಯುಷ್ಯ 110 ನಿಮಿಷ, ತಯಾರಾಗುವುದು ಸೈಕ್ಲೋಟ್ರಾನಿನಲ್ಲಿ. ಈಗ ಅದನ್ನು ಪೆಟ್ ಸ್ಕ್ಯಾನಿನಲ್ಲಿ ಬಳಸುತ್ತಾರೆ. ಬೆನ್ನೆಲುಬನ್ನು ಸುಮಾರು ಒಂದು ಗಂಟೆ ಸತತವಾಗಿ ನೋಡಿ, ರಕ್ತದಿಂದ ಖನಿಜಕ್ಕೆ ಫ್ಲೋರೈಡ್ ಯಾವ ವೇಗದಲ್ಲಿ ಹೋಗುತ್ತದೆಂದು ಅಂಕಿಯಲ್ಲೇ ಹೇಳುವ ವಿಧಾನವನ್ನು 1992ರಲ್ಲಿ ಹಾಕಿನ್ಸ್ ಮತ್ತು ಜೊತೆಗಾರರು ಕೊಟ್ಟರು. ಮಲಮೂತ್ರ ಸಂಗ್ರಹಿಸಿ ಇಡೀ ಮೈಗೆ ಒಂದೇ ಅಂಕಿ ಪಡೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ, ಒಂದೊಂದು ಮೂಳೆಗೆ ಒಂದೊಂದು ಅಂಕಿ. ಪಾವಗಡದ ಕೊಳವೆ ಬಾವಿಯಿಂದ ಬಂದು ತಾಯಿಯ ಬೆನ್ನನ್ನು ಬಿಗಿದ ಧಾತುವೂ, ಸೈಕ್ಲೋಟ್ರಾನಿನಿಂದ ಬಂದು ಆ ಬೆನ್ನಿನ ವಹಿವಾಟು ಅಳೆಯಬಲ್ಲ ಧಾತುವೂ ಒಂದೇ. ಹಿಡಿಯುವ ದಾರಿಯೂ ಒಂದೇ. ವ್ಯತ್ಯಾಸ ಪ್ರಮಾಣದಲ್ಲಿದೆ. ಪರೀಕ್ಷೆಗೆ ಕೊಡುವುದು ತೂಕಕ್ಕೂ ಸಿಗದಷ್ಟು, ಬಾವಿ ಕೊಟ್ಟದ್ದು ದಶಕಗಳ ಕಾಲ ದಿನವೂ ಮಿಲಿಗ್ರಾಂ ಲೆಕ್ಕದಲ್ಲಿ.

‘ಎಲ್ಲೆಡೆಯೂ ಸಮನಾಗಿ’ ಎಂಬ ಮಾತನ್ನು ಗಮನಿಸಬೇಕು. ಕ್ಯಾನ್ಸರ್ ಮೂಳೆಗೆ ಹರಡಿದಾಗ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಚುಕ್ಕಿ ಕಾಣುತ್ತದೆ, ಒಂದಕ್ಕೊಂದು ಸಂಬಂಧವಿರುವುದಿಲ್ಲ. ಹೆಚ್ಚು ಹೀರಿದ ಜಾಗ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಇಡೀ ಪಂಜರ ಒಂದೇ ಹದದಲ್ಲಿ ಕಪ್ಪಾಗಿದ್ದರೆ ಮೊದಲ ಯೋಚನೆ ವಹಿವಾಟಿನ ಕಾಯಿಲೆಗಳ ಕಡೆಗೆ ಹೋಗುತ್ತದೆ. ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ವಿಟಮಿನ್ ಡಿ ಕೊರತೆಯ ಆಸ್ಟಿಯೊಮಲೇಷಿಯಾ, ಕಿಡ್ನಿ ಕಾಯಿಲೆಯ ಮೂಳೆ, ಫ್ಲೋರೋಸಿಸ್. ಕ್ಯಾನ್ಸರ್ ಬಹಳ ವ್ಯಾಪಕವಾಗಿ ಹರಡಿದರೂ ಎಲ್ಲ ಮೂಳೆಯೂ ಕಪ್ಪಾಗುವುದುಂಟು. ಆಗ ಹೆಚ್ಚಾಗಿ ನಡುಮೈಯ ಮೂಳೆಗಳಲ್ಲಿ, ಒಂದೇ ಸಮವಿಲ್ಲದೆ ಇರುತ್ತದೆ. ಆದ್ದರಿಂದ ಈ ಸಾಲು ಧೈರ್ಯ ಕೊಡುತ್ತದೆ ನಿಜ, ಆದರೆ ಅಂತಿಮ ತೀರ್ಪು ಕೊಡುವುದಿಲ್ಲ.

ಸಾಲು 5. ‘ಎರಡೂ ಕಿಡ್ನಿ ಮಸುಕಾಗಿ ಕಾಣುತ್ತಿವೆ.’

ಇದನ್ನು ಓದಿ ಕಿಡ್ನಿ ಹೋಯಿತೆಂದು ಹೆದರುವವರಿದ್ದಾರೆ. ಹಾಗಲ್ಲ. ಕೊಟ್ಟ ವಸ್ತುವಿನ ದೊಡ್ಡ ಪಾಲನ್ನು ಮೂಳೆಯೇ ಹೀರಿದರೆ ಕಿಡ್ನಿಯ ಪಾಲಿಗೆ ಕಡಿಮೆ ಬರುತ್ತದೆ, ಹಾಗಾಗಿ ಚಿತ್ರದಲ್ಲಿ ಅವು ಮಂಕಾಗುತ್ತವೆ. ಇದಕ್ಕೆ ‘ಸೂಪರ್‌ಸ್ಕ್ಯಾನ್’ ಎನ್ನುತ್ತಾರೆ. ನಾಲ್ಕನೇ ಸಾಲಿಗೆ ಇದೇ ಸಾಕ್ಷಿ.

ಈ ತತ್ವವನ್ನು ಅಳತೆಯಾಗಿ ಮಾಡಿದವರು ಗ್ಲಾಸ್ಗೊದಲ್ಲಿದ್ದ ಇಗ್ನಾಕ್ ಫೋಗಲ್‌ಮನ್. ಅವರು 1978ರಲ್ಲಿ, ಚುಚ್ಚಿದ 24 ಗಂಟೆಗಳ ಮೇಲೆ ಇಡೀ ಮೈಯಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಿದರು. ಆರೋಗ್ಯವಂತರಲ್ಲಿ ಉಳಿದದ್ದು ಸುಮಾರು ಐದನೇ ಒಂದು. ವಹಿವಾಟು ಹೆಚ್ಚಿದ ಕಾಯಿಲೆಗಳಲ್ಲಿ ಅದಕ್ಕಿಂತ ಎಷ್ಟೋ ಮೇಲೆ. ಚಿತ್ರವೇ ಬೇಡ, ಬರೀ ಎಣಿಕೆ. ಕಣ್ಣಂದಾಜಿನಲ್ಲಿ ‘ಹೆಚ್ಚು’ ಎನ್ನುವುದಕ್ಕಿಂತ ಇಂಥ ಅಂಕಿ ಇದ್ದರೆ ಒಂದೆರಡು ವರ್ಷದ ಮೇಲೆ ಹೋಲಿಸಿ ನೋಡಲು ಬರುತ್ತದೆ. ದಿನನಿತ್ಯದ ವರದಿಗಳಲ್ಲಿ ಅಂಕಿ ಕಾಣದಿರುವುದು ನನಗೆ ಕೊರತೆ ಎಂದೇ ತೋರುತ್ತದೆ.

ಆದರೂ ರಕ್ತದ ಕ್ರಿಯಾಟಿನಿನ್ ನೋಡಲೇಬೇಕು. ಫ್ಲೋರೈಡನ್ನು ಹೊರಹಾಕುವುದು ಕಿಡ್ನಿ. ಅದು ಸೋತರೆ ಅಷ್ಟೇ ನೀರು ಕುಡಿದವರಲ್ಲೂ ಮೂಳೆಗೆ ಹೆಚ್ಚು ಸೇರುತ್ತದೆ.

ಸಾಲು 6. ‘ಎರಡೂ ಮಂಡಿಗಳಲ್ಲಿ ಹೀರಿಕೆ ಹೆಚ್ಚು. ವಯೋಸಹಜ ಸವೆತ.’

ಸವೆದ ಕೀಲಿನ ಅಂಚಿನಲ್ಲಿ ಮೂಳೆ ತನ್ನನ್ನು ಸರಿಪಡಿಸಿಕೊಳ್ಳಲು ನೋಡುತ್ತಿರುತ್ತದೆ, ಅಲ್ಲೂ ಹೊಸ ಖನಿಜ ಸೇರುತ್ತದೆ. ಅರವತ್ತು ದಾಟಿದವರಲ್ಲಿ ಇದಿಲ್ಲದ ವರದಿ ಅಪರೂಪ. ಇದಕ್ಕಾಗಿ ಯೋಚಿಸಬೇಕಾಗಿಲ್ಲ.

ಸಾಲು 7. ‘ಅಭಿಪ್ರಾಯ: ಮೆಟಬಾಲಿಕ್ ಮೂಳೆ ಕಾಯಿಲೆಯ ಸಾಧ್ಯತೆ. ರೋಗಿಯ ಹಿನ್ನೆಲೆಯೊಡನೆ ತಾಳೆ ನೋಡುವುದು.’

ಕೊನೆಯ ವಾಕ್ಯವನ್ನು ಹೆಚ್ಚಿನವರು ಓದದೆ ಬಿಡುತ್ತಾರೆ. ವಹಿವಾಟು ಹೆಚ್ಚಿದೆ ಎಂದು ಸ್ಕ್ಯಾನ್ ಹೇಳಿತು, ಯಾಕೆ ಎಂದು ಹೇಳಲಿಲ್ಲ. ಅದನ್ನು ಹೇಳಬೇಕಾದವರು ಆ ತಾಯಿಯ ಊರು, ನೀರು, ಊಟ, ಮನೆತನ ತಿಳಿದವರು.

ಕರ್ನಾಟಕದಲ್ಲೇ ಇದಕ್ಕೊಂದು ದೊಡ್ಡ ಪಾಠವಿದೆ. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಬಿಗಿದು ನಡೆಯಲಾಗದವರ ಸಂಖ್ಯೆ ಎದ್ದು ಕಂಡಿತು. ಹೆಚ್ಚಿನವರು ಚನ್ನಂಗಿ ಮತ್ತು ಛಲವಾದಿ ಸಮುದಾಯದವರು. ಮೊದಲ ಅನುಮಾನ ಹೋದದ್ದು ಕೀಟನಾಶಕ ಹೊಡೆದ ಗದ್ದೆಯ ಏಡಿಯನ್ನು ತಿಂದದ್ದರ ಮೇಲೆ. ಮನೆಮನೆಗೆ ಹೋಗಿ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು ನೋಡಿದ ಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಬರುವ ಮೂಳೆ-ಕೀಲುಗಳ ಬೆಳವಣಿಗೆಯ ಕಾಯಿಲೆ ಎಂಬ ನಿಲುವಿಗೆ ಸಂಶೋಧಕರು ಬಂದರು. ಹಂದಿಗೋಡಿನಲ್ಲಿ ಮನೆತನ ಕೇಳಬೇಕಾಗಿತ್ತು, ಪಾವಗಡದವರಲ್ಲಿ ನೀರು ಕೇಳಬೇಕು. ಬಿಗಿತ ಎರಡೂ ಕಡೆ ಸೊಂಟದಲ್ಲೇ.

ನಮ್ಮ ವರದಿಯ ತಾಯಿಗೆ ಮುಂದೆ ಆಗಬೇಕಾದದ್ದು ಇಷ್ಟು: ರಕ್ತದಲ್ಲಿ ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ವಿಟಮಿನ್ ಡಿ. ಮೂತ್ರದಲ್ಲಿ ಫ್ಲೋರೈಡ್. ಮುಂಗೈಯ ಎಕ್ಸ್‌ರೇ, ಏಕೆಂದರೆ ಅಲ್ಲಿನ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕೂತಿದ್ದರೆ ಫ್ಲೋರೋಸಿಸ್ ಎಂಬ ಅನುಮಾನ ಬಲವಾಗುತ್ತದೆ. ಈ ಎಕ್ಸ್‌ರೇ ಬನಶಂಕರಿಯ ಯಾವ ಬೋರ್ಡಿನ ಕೆಳಗೂ ಆಗುತ್ತದೆ. ವಿಟಮಿನ್ ಡಿ ಕಡಿಮೆಯಿದ್ದರೆ ಸರಿಪಡಿಸಬೇಕು. ನೀರು ಬದಲಾಗಿರುವುದು ಒಳ್ಳೆಯದೇ, ಆದರೆ ಮೂಳೆಯಲ್ಲಿ ಕೂತ ಫ್ಲೋರೈಡ್ ಹೊರಬರುವುದು ಅದೇ ನಿಧಾನದ ವಹಿವಾಟಿನ ಮೂಲಕ, ವರ್ಷಗಳ ಲೆಕ್ಕದಲ್ಲಿ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿ ಫಲ ಕಾಣಲಿಲ್ಲವೆಂದು ಕೊರಗುವುದು ಬೇಡ.

ಇನ್ನೊಂದು ಕೆಲಸವಿದೆ, ವರದಿಯಲ್ಲಿ ಅದು ಬರೆದಿರುವುದಿಲ್ಲ. ಆ ಬೋರ್‌ವೆಲ್ಲಿನ ನೀರನ್ನು ಊರಿನಲ್ಲಿರುವ ತಮ್ಮ, ನಾದಿನಿ, ಅವರ ಮಕ್ಕಳು ಇಂದೂ ಕುಡಿಯುತ್ತಿರಬಹುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನೂ ದಟ್ಟವಾಗುತ್ತದೆ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕಳಿಸಿ ಪರೀಕ್ಷೆ ಮಾಡಿಸಲು ಮಗ ಇವತ್ತೇ ಊರಿಗೆ ಫೋನ್ ಮಾಡಬೇಕು. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯಾದರೆ ಬಾಯಾರಿಕೆಗೂ ಅಡುಗೆಗೂ ಬೇರೆ ನೀರಿನ ವ್ಯವಸ್ಥೆಯನ್ನು ಫಲಿತಾಂಶ ಬರುವ ಮೊದಲೇ ಮಾಡಿಕೊಳ್ಳುವಂತೆ ಹೇಳಬೇಕು.